ಟಿಫನ್ ಬಾಕ್ಸಿನ ಬಾಯಿಗೆ ಮೈಕು

ಹೋದ ವರ್ಷದ ಮಾತು ಮೊದಲು ಹೇಳಿಬಿಡಬೇಕು, ಇಲ್ಲದಿದ್ದರೆ ಈ ವರ್ಷದ್ದು ರುಚಿಸುವುದಿಲ್ಲ.

ಮೈಸೂರಿನ ಮೇಟಗಳ್ಳಿಯ ಕಡೆ ಒಂದು ಬಡಾವಣೆ. ರಾಜ್ಯೋತ್ಸವದ ದಿನ ಅಲ್ಲಿನ ಮೈದಾನದಲ್ಲಿ ಶಾಮಿಯಾನ ಹಾಕಿ, ಕೆಂಪು ಹಳದಿ ಬಾವುಟ ಕಟ್ಟಿ, ಕುರ್ಚಿ ಜೋಡಿಸಿದ್ದರು. ವೇದಿಕೆ ಮೇಲೆ ವಸಂತಮ್ಮ ಗಿಟಾರ್ ಹಿಡಿದು ಕೂತಳು. ಒಂದು ಇಡೀ ಸೋಬಾನೆಯ ಮಟ್ಟು, ಮೊದಲಿಂದ ಕೊನೆತನಕ, ಒಂದೆಳೆಯೂ ತಪ್ಪದಂತೆ ನುಡಿಸಿದಳು. ಮುಗಿಸಿ ಎದ್ದು ನಿಂತು ಕೈಮುಗಿದಳು. ಆಗ ಕಾರ್ಯಕ್ರಮ ನಡೆಸಿಕೊಡುತ್ತಿದ್ದ ಸಂಘದ ಕಾರ್ಯದರ್ಶಿ ವಾಗೀಶ ಮೈಕಿಗೆ ಬಾಯಿ ಕೊಟ್ಟು ಹೇಳಿದ:

"ವಸಂತಮ್ಮನವರ ತಯಾರಿ ಮುಗೀತು ಅಂತ ಕಾಣುತ್ತೆ. ಈಗ ಶುರು ಮಾಡ್ತಾರೆ. ದಯವಿಟ್ಟು ಎಲ್ಲರೂ ಸದ್ದು ಮಾಡದೆ ಕೇಳಬೇಕು."

ಮೈದಾನವೆಲ್ಲ ಸುಮ್ಮನಾಯಿತು. ಜನ ಕೆಟ್ಟವರಲ್ಲ, ಕೇಳೋಣ ಅಂತಲೇ ಕೂತಿದ್ದವರು. ವಸಂತಮ್ಮ ಮುಗಿದ ಕೈ ಬಿಡದೆ ನಿಂತೇ ಇದ್ದಳು. ಅವಳ ಹಿಂದೆ ಸ್ಟೂಲಿನ ಮೇಲಿದ್ದ ಪುಟ್ಟ ಪೆಟ್ಟಿಗೆಯ ಕೆಂಪು ದೀಪ, ನಾನೇನು ಮಾಡಲಿ ತಾಯಿ ಅನ್ನೋ ಹಾಗೆ ಮಿಣಮಿಣ ಅನ್ನುತ್ತಿತ್ತು.

"ಆಗ್ಲೇ ಮುಗೀತು ಕಣಪ್ಪಾ," ಅಂದಳು. ಅದೂ ಯಾರಿಗೂ ಕೇಳಲಿಲ್ಲ.

ಅಲ್ಲಿಂದ ಶುರುವಾಯಿತು ನೋಡಿ ಅವಳ ವನವಾಸ. ತರಕಾರಿ ಗಾಡಿ ಹತ್ತಿರ ನಿಂತರೆ, "ವಸಂತಕ್ಕ, ಯಾವಾಗ ಶುರು ಮಾಡ್ತೀರಿ?" ಹಾಲಿನ ಬೂತಿನ ಮುಂದೆ ನಿಂತರೆ, "ತಯಾರಿ ಮುಗೀತಾ?" ಕಾರ್ಖಾನೆ ಬಸ್ಸಿನಲ್ಲಿ ಕೂತು ಊಟದ ಡಬ್ಬಿ ಬಿಚ್ಚಿದರೂ, "ಎಲ್ಲರೂ ಸದ್ದು ಮಾಡದೆ ನೋಡಬೇಕು, ವಸಂತಕ್ಕ ಈಗ ಊಟ ಶುರು ಮಾಡ್ತಾರೆ!" ವಸಂತಮ್ಮನೂ ನಗುತ್ತಿದ್ದಳು. ನಗದೆ ಏನು ಮಾಡುವುದು? ಆದರೆ ಮನೆಗೆ ಬಂದು ಗಂಡನ ಮುಂದೆ ಒಂದು ಮಾತು ಹೇಳಿದ್ದಳು:

"ಬರೋ ವರ್ಷ ನನ್ನ ಗಿಟಾರು ಕೊನೇ ಸಾಲಿನ ಕುರ್ಚಿಗೆ ಕೇಳಬೇಕು. ಕೇಳಲಿಲ್ವಾ, ಅದು ತಿರುಗಿ ಮೊಳೆಗೇ. ಮತ್ತೆ ಮುಟ್ಟಲ್ಲ."

ಗಂಡ ರವಿಚಂದ್ರ ಕಾರ್ಖಾನೆಯ ಬಸ್ಸು ಓಡಿಸುವವನು. ಯಾವುದಕ್ಕೂ ಅವಸರ ಮಾಡುವವನಲ್ಲ. "ಆ ಮೊಳೆಗೆ ನಾನು ಕ್ಯಾಲೆಂಡರ್ ಹಾಕಿದ್ದೀನಲ್ಲೇ," ಅಂದ.

"ಇರ್ಲಿ ಈಗ. ಬೇಕಾದಾಗ ತೆಗೀರಿ."

ಮೊಳೆಯ ಕತೆ ಏನೆಂದರೆ, ಆ ಗಿಟಾರು ವಸಂತಮ್ಮನದಲ್ಲ, ಮಗ ಪುನೀತನದು. ಕಾಲೇಜಿಗೆ ಸೇರಿದಾಗ ಹಟ ಹಿಡಿದು ಕೊಡಿಸಿಕೊಂಡಿದ್ದ. ಗಿಟಾರು ನುಡಿಸಿದರೆ ಹೆಸರು ಬರುತ್ತೆ ಅಂತ ಅವನಿಗೆ ಯಾರೋ ಹೇಳಿದ್ದರು, ಬೆರಳ ತುದಿ ಉರಿಯುತ್ತೆ ಅಂತ ಯಾರೂ ಹೇಳಿರಲಿಲ್ಲ. ಬೆರಳಿಗೆ ಊದಿಕೊಳ್ಳುತ್ತಾ ಸ್ವಲ್ಪ ದಿನ ಓಡಾಡಿದ, ಆಮೇಲೆ ನಡುಮನೆಯ ಗೋಡೆಗೆ ಒಂದು ಮೊಳೆ ಹೊಡೆದು ಅದಕ್ಕೆ ನೇತುಹಾಕಿ ಕ್ರಿಕೆಟ್ಟಿಗೆ ಹೊರಟುಹೋದ. ಈಗ ಇಲ್ಲೇ ಹೆಬ್ಬಾಳದ ಕಾರ್ಖಾನೆಯಲ್ಲಿ ಕೆಲಸ, ಪಾಳಿ ಮುಗಿಸಿ ಬಂದು ಮಲಗಿದರೆ ಗಿಟಾರೂ ಇಲ್ಲ ಕ್ರಿಕೆಟ್ಟೂ ಇಲ್ಲ.

ವಸಂತಮ್ಮ ವರುಣ ಕಡೆಯ ಹಳ್ಳಿಯವಳು, ಬೇಸಾಯದ ಮನೆ. ಅವಳ ತಾಯಿ ಸೋಬಾನೆ ಹೇಳುವ ಹೆಂಗಸು. ಸುತ್ತ ಯಾವ ಊರಲ್ಲಿ ಮದುವೆ ಚಪ್ಪರ ಎದ್ದರೂ ತಾಯಿಗೆ ಕರೆ ಬರುತ್ತಿತ್ತು, ತಾಯಿಯ ಸೆರಗು ಹಿಡಿದು ವಸಂತಳೂ ಹೋಗುತ್ತಿದ್ದಳು. ತಾಯಿ ಒಂದು ಸಾಲು ಹೇಳಿ ನಿಲ್ಲಿಸಿದರೆ ಉಳಿದ ಹೆಂಗಸರು ಸೋ ಅಂತ ಎಳೆಯಬೇಕು. ಎಳೆಯುವವರಲ್ಲಿ ಈ ಹುಡುಗಿಯ ದನಿ ಎಲ್ಲಕ್ಕಿಂತ ಮೇಲೆ ನಿಲ್ಲುತ್ತಿತ್ತಂತೆ. ಮದುವೆಯಾಗಿ ಮೈಸೂರಿಗೆ ಬಂದ ಮೇಲೆ ಅವಳೇ ಹೇಳುವವಳಾದಳು, ಬೀದಿಯ ಹೆಂಗಸರು ಎಳೆಯುವವರಾದರು. ಆಮೇಲೆ ಥೈರಾಯ್ಡು ಅಂತ ಕೊರಳಿಗೆ ಆಪರೇಷನ್ ಆಯಿತು. ಜೀವಕ್ಕೇನೂ ಆಗಲಿಲ್ಲ, ದನಿ ಮಾತ್ರ ಹೋಯಿತು. ಮಾತಾಡಿದರೆ ಒಣಗಿದ ಎಲೆ ಮೇಲೆ ನಡೆದ ಹಾಗೆ. ಹಾಡು ಅಂತೂ ಇಲ್ಲವೇ ಇಲ್ಲ.

ಒಂದು ಭಾನುವಾರ ಧೂಳು ಹೊಡೆಯುವಾಗ ಪೊರಕೆ ತಗುಲಿ ಮೊಳೆಯ ಮೇಲಿದ್ದ ಗಿಟಾರಿನ ತಂತಿ ಜುಂಯ್ ಅಂತು. ವಸಂತಮ್ಮ ನಿಂತಳು. ಪೊರಕೆ ಕೆಳಗಿಟ್ಟು ಇನ್ನೊಮ್ಮೆ ಬೆರಳಲ್ಲಿ ಮೀಟಿದಳು. ಅದು ತಾಯಿ ಸೋಬಾನೆಗೆ ಮೊದಲು ಹಿಡಿಯುತ್ತಿದ್ದ ದನಿಯ ಪಕ್ಕದ ಮನೆಯಂತಿತ್ತು. ಅವತ್ತು ಸಾರು ಸೀದುಹೋಯಿತು. ಅವಳ ಬೆರಳು ಕಳೆ ಕಿತ್ತು, ಕಾರ್ಖಾನೆಯಲ್ಲಿ ರಟ್ಟಿನ ಡಬ್ಬ ಕಟ್ಟಿ ಕಟ್ಟಿ ಜಡ್ಡುಗಟ್ಟಿದ ಬೆರಳು. ತಂತಿ ಅವಕ್ಕೆ ಏನೂ ಮಾಡಲಿಲ್ಲ. ಮೊಬೈಲಿನಲ್ಲಿ ಪಾಠ ನೋಡಿ, ಬಿಟ್ಟು, ಕೊನೆಗೆ ತನ್ನದೇ ದಾರಿ ಹಿಡಿದು, ಹಾಡಲಾಗದ ಹಾಡನ್ನೆಲ್ಲ ಬೆರಳಿಗೆ ಇಳಿಸಿಕೊಂಡಳು.

ಆ ಗಿಟಾರು ಕರೆಂಟಿನದು. ಬರೀ ತಂತಿ ಮೀಟಿದರೆ ಸೊಳ್ಳೆ ಹಾರಿದ ಹಾಗೆ. ಅದಕ್ಕೊಂದು ಆಂಪ್ಲಿಫೈಯರ್ ಬೇಕು ಅಂತ ತಿಳಿದು ಮಂಡಿ ಮೊಹಲ್ಲಾಕ್ಕೆ ಹೋಗಿ, ಹಳೇ ಸಾಮಾನಿನ ಅಂಗಡಿಯಲ್ಲಿ ಕೈಗೆ ಸಿಕ್ಕಿದ್ದನ್ನು ತಂದಳು. ಮನೆಯಲ್ಲಿ ಅಭ್ಯಾಸ ಮಾಡುವವರಿಗೆ ಅಂತ ಮಾಡಿದ ಚಿಕ್ಕದು, ಕಪ್ಪು ಪೆಟ್ಟಿಗೆ, ಮೇಲೊಂದು ಹಿಡಿ. ಅದನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಬರುವಾಗ ಕಾರ್ಖಾನೆಯ ಜೊತೆಯವಳು ಭಾನುಮತಿ ಕೂಗಿದ್ದಳು: "ಇಷ್ಟು ದೊಡ್ಡ ಟಿಫನ್ ಬಾಕ್ಸಾ ವಸಂತಕ್ಕ! ನಮಗೂ ಒಂದು ತುತ್ತು ಚಿತ್ರಾನ್ನ ಹಾಕಿ." ಅವತ್ತಿಂದ ಅದರ ಹೆಸರು ಟಿಫನ್ ಬಾಕ್ಸೇ.

ಹಳೇ ಪೆಟ್ಟಿಗೆ. ದನಿ ಸ್ವಲ್ಪ ಜಾಸ್ತಿ ಮಾಡಿದರೆ ಒಳಗಿನ ಕಾಗದದ ಸ್ಪೀಕರು ನಡುಗಿ, ಸ್ವರದ ಅಂಚು ಸ್ವಲ್ಪ ಹರಿಯುತ್ತಿತ್ತು. ಬೇರೆಯವರಾದರೆ ಕೆಟ್ಟಿದೆ ಅಂತ ವಾಪಸು ಕೊಡುತ್ತಿದ್ದರು. ವಸಂತಮ್ಮ ಅದನ್ನು ಕೇಳಿ ಅಡುಗೆಮನೆ ಹೊಸಿಲ ಮೇಲೆ ಹಾಗೇ ಕೂತುಬಿಟ್ಟಿದ್ದಳು. ಚಪ್ಪರದ ಕೆಳಗೆ ತಾಯಿಯ ದನಿ ಎತ್ತರಕ್ಕೆ ಹೋಗಿ ನಡುಗುತ್ತಿದ್ದದ್ದು ಥೇಟ್ ಹೀಗೇ.

ಇನ್ನು ಅತ್ತೆ ಪುಟ್ಟಲಿಂಗಮ್ಮ. ಮೊದಮೊದಲು ಅವಳದ್ದು ಒಂದೇ ರಾಗ: "ಗಂಡುಡುಗ್ರು ಆಡೋ ಸಾಮಾನು ಇಡ್ಕಂಡು ಕೂತವಳಲ್ಲಾ, ನೋಡ್ದೋರು ಏನಂದಾರು?" ಆದರೆ ಮುದುಕಿಗೆ ವರ್ಷ ವರ್ಷಕ್ಕೆ ಕಿವಿ ಮಂದವಾಯಿತು. ಟೀವಿ ಕೇಳದು, ಮಾತು ಅರ್ಧ ಕೇಳುವುದು. ಒಂದು ದಿನ ಸೊಸೆ ನುಡಿಸುತ್ತಿದ್ದಾಗ ಸುಮ್ಮನೆ ಒರಗೋಣ ಅಂತ ಟಿಫನ್ ಬಾಕ್ಸಿನ ಮೇಲೆ ಕೈಯಿಟ್ಟಳು. ಅಂಗೈಯೊಳಗೆ ಹಾಡು ಗುಂಯ್ಗುಟ್ಟಿತು. ಕಿವಿ ಹತ್ತಿರ ತಂದಳು, ಅಲ್ಲೂ ಹಾಡು! ಅವತ್ತಿಂದ ಸಂಜೆ ಆದರೆ ಸಾಕು, ಕರುವಿನ ಬೆನ್ನ ಮೇಲೆ ಕೈಯಿಟ್ಟ ಹಾಗೆ ಪೆಟ್ಟಿಗೆ ಮೇಲೆ ಕೈಯಿಟ್ಟು ಕೂರುವಳು. ಆ ವರ್ಷ ಆಯುಧಪೂಜೆಗೆ ರುಬ್ಬೋ ಮಿಷನ್ನಿಗೆ, ಗ್ಯಾಸ್ ಒಲೆಗೆ, ಗಂಡಸರ ಸ್ಕೂಟರಿಗೆ ಗಂಧ ಕುಂಕುಮ ಇಟ್ಟವಳು, ಯಾರೂ ಹೇಳದೆ ಟಿಫನ್ ಬಾಕ್ಸಿಗೂ ಇಟ್ಟಳು. ಪೆಟ್ಟಿಗೆ ಮೇಲೆ ಮಲ್ಲಿಗೆ ಹೂವು ಕಂಡಾಗ ವಸಂತಮ್ಮನಿಗೆ, ಇನ್ನು ಈ ಮನೆಯಲ್ಲಿ ತಕರಾರಿಲ್ಲ ಅಂತ ತಿಳಿಯಿತು.

ಈಗ ಈ ವರ್ಷಕ್ಕೆ ಬರೋಣ.

ಈ ಸಲ ಸೌಂಡಿನ ಗುತ್ತಿಗೆ ಮಂಡಿ ಮೊಹಲ್ಲಾದ ಲೋಕೇಶನದು. ಮಧ್ಯಾಹ್ನಕ್ಕೇ ಟೆಂಪೋ ತುಂಬ ತಂದು ವೇದಿಕೆಯ ಎರಡು ಕಡೆ ಕಪ್ಪು ಪೆಟ್ಟಿಗೆಗಳನ್ನು ಆಳೆತ್ತರಕ್ಕೆ ಪೇರಿಸಿದ. ವಸಂತಮ್ಮ ಊಟ ಮುಗಿಸಿಕೊಂಡು ಒಂದು ಕೈಯಲ್ಲಿ ಗಿಟಾರು, ಒಂದು ಕೈಯಲ್ಲಿ ಟಿಫನ್ ಬಾಕ್ಸು ಹಿಡಿದು ಬಂದಳು. ಹಿಂದೆ ಅತ್ತೆ, ಅತ್ತೆಯ ಹಿಂದೆ ಗಂಡ.

"ಲೋಕೇಶಪ್ಪಾ, ನನ್ನ ಈ ಚಿಕ್ಕದನ್ನ ನಿನ್ನ ಆ ದೊಡ್ಡದಕ್ಕೆ ಸೇರಿಸಿಕೊಡಬೇಕು. ಇದರ ದನಿ ಅದರಲ್ಲಿ ಬರಬೇಕು."

ಲೋಕೇಶ ಪೆಟ್ಟಿಗೆಯನ್ನು ಎತ್ತಿ ತಿರುಗಿಸಿ ನೋಡಿದ. "ಮರೀನ ತಾಯಿ ಹತ್ರ ಬುಟ್ಟಂಗೆ ಅಷ್ಟೇ ಕಣಕ್ಕ. ಇದರ ಬೆನ್ನಲ್ಲೊಂದು ತೂತಿರ್ತದೆ, ಲೈನ್ ಔಟ್ ಅಂತ, ದನಿ ಹೊರಕ್ಕೆ ಬರೋದು. ಅದಕ್ಕೆ ಈ ಕಡೆ ಪಿನ್ನು, ಎಲ್ಲ ದನೀನೂ ಕೂಡಿಸಿ ದೊಡ್ಡದಕ್ಕೆ ಕಳಿಸೋ ನನ್ನ ಮಿಕ್ಸರಿಗೆ ಆ ಕಡೆ ಪಿನ್ನು. ಆಯ್ತು." ವೈರು ತಂದು ಪಿನ್ನು ತೂತಿಗೆ ಇಟ್ಟ. ಹೋಗಲಿಲ್ಲ. ಒತ್ತಿದ. ಹೋಗಲಿಲ್ಲ. ಮೊಬೈಲಿನ ಬೆಳಕು ಬಿಟ್ಟು ಒಂದು ಕಣ್ಣು ಮುಚ್ಚಿ ಒಳಗೆ ನೋಡಿದ.

"ಅಕ್ಕಾ," ಅಂದ, "ಇದರೊಳಗೆ ಯಾರೋ ಮಣ್ಣು ತುಂಬವ್ರೆ."

"ಮಣ್ಣಾ?"

ಲೋಕೇಶ ಮೂಸಿ ನೋಡಿದ. ಮುಖ ಬದಲಾಯಿತು. "ಮಣ್ಣಲ್ಲ. ಗಮಗಮ ಅಂತದೆ."

ಎಲ್ಲರೂ ಬಗ್ಗಿ ನೋಡಿದರು. ತೂತಿನ ತುಂಬ ಗಂಧ. ಗಂಧದ ಮೇಲೆ ಕುಂಕುಮ, ಕುಂಕುಮದ ಮೇಲೆ ತಿರುಗಾ ಗಂಧ, ಒಣಗಿ ಒಣಗಿ ಗೋಡೆಯ ಗಾರೆಯ ಹಾಗೆ. ನಡುವೆ ಒಂದು ಅಕ್ಷತೆ ಕಾಳು ಕೂಡ. ಮೇಲಿನ ಪದರ ಇನ್ನೂ ಹೊಸದು, ಮೊನ್ನೆ ಮೊನ್ನೆ ಕಳೆದ ಆಯುಧಪೂಜೆಯದು.

ವಸಂತಮ್ಮ ನಿಧಾನವಾಗಿ ತಿರುಗಿ ಅತ್ತೆಯನ್ನು ನೋಡಿದಳು. ಕಿವಿಯ ಹತ್ತಿರ ಬಾಯಿಟ್ಟು ಕೇಳಿದಳು: "ಅತ್ಯಮ್ಮ, ಬೊಟ್ಟು ಎಲ್ಲಿಗಿಡ್ತಿದ್ರಿ ಇದಕ್ಕೆ?"

"ಇನ್ನೆಲ್ಲಿಗೆ ಇಡ್ಲಿ?" ಮುದುಕಿ ಹೆಮ್ಮೆಯಿಂದಲೇ ಹೇಳಿತು. "ಮುಂದ್ಗಡೆ ಬಟ್ಟೆ ಅದೆ, ಬೊಟ್ಟು ನಿಲ್ಲಾಕಿಲ್ಲ. ಮೇಲ್ಗಡೆ ಇಟ್ರೆ ನನ್ನ ಕೈಗೇ ಅಂಟ್ಕತದೆ. ಇಂದ್ಗಡೆ ನೋಡ್ದೆ. ಬೊಟ್ಟಿಡಾಕೆ ಅಂತ್ಲೇ ದುಂಡುಗೆ ಒಂದು ತೂತ ಮಾಡವ್ರೆ ಪುಣ್ಯಾತ್ಮರು! ವರ್ಷ ವರ್ಷವೂ ತುಂಬ್ತಾ ಬಂದಿವ್ನಿ. ಯಾಕೆ, ಸಾಲ್ದಾ?"

ರವಿಚಂದ್ರ ನಗು ತಡೆಯಲಾರದೆ ಶಾಮಿಯಾನದ ಕಂಬ ಹಿಡಿದುಕೊಂಡ. ಲೋಕೇಶ ನೆಲದ ಮೇಲೆ ಕೂತೇಬಿಟ್ಟ. "ಸಾಕು ಅಜ್ಜೀ, ಧಾರಾಳವಾಯ್ತು!" ಅಂದ.

ವಸಂತಮ್ಮನೂ ನಕ್ಕಳು, ಆದರೆ ನಗುತ್ತಲೇ ಹೊತ್ತು ನೋಡಿದಳು. ಸಂಜೆ ಕಾರ್ಯಕ್ರಮ. ಮನೆಯಲ್ಲಿ ಕ್ಯಾಲೆಂಡರಿನ ಹಿಂದೆ ಮೊಳೆ ಕಾಯುತ್ತಿದೆ.

ತಲೆಯ ಹೇರ್‌ಪಿನ್ನು ತೆಗೆದುಕೊಟ್ಟಳು. ಲೋಕೇಶ ಕೆರೆದ. ಗಂಧದ ಪುಡಿ ಉದುರಿತು, ಪಿನ್ನು ಅರ್ಧ ಹೋಯಿತು. ದೊಡ್ಡ ಪೆಟ್ಟಿಗೆಗಳಿಂದ ಎಣ್ಣೆಗೆ ಸಾಸಿವೆ ಹಾಕಿದ ಹಾಗೆ ಚಟಪಟ ಚಟಪಟ ಅಂತ ಸದ್ದು ಬಂತೇ ಹೊರತು ಗಿಟಾರು ಬರಲಿಲ್ಲ.

"ಇದು ಆಗಕಿಲ್ಲ ಕಣಕ್ಕ. ಬಿಚ್ಚಿ ತೊಳೀಬೇಕು, ಇವತ್ತಿಗೆ ಆಗೋ ಕೆಲಸ ಅಲ್ಲ. ಒಂದ್ಕೆಲ್ಸ ಮಾಡೋಣ, ಟಿಫನ್ ಬಾಕ್ಸು ಪಕ್ಕಕ್ಕಿಡಿ. ಗಿಟಾರಿಂದ ಸೀದಾ ನನ್ನ ಮಿಕ್ಸರಿಗೇ ಕೊಡ್ತೀನಿ."

ಕೊಟ್ಟ. ವಸಂತಮ್ಮ ಮೀಟಿದಳು. ಮೈದಾನದ ಆ ಕೊನೆಗೂ ಸದ್ದು ಹೋಯಿತು, ಅದೇನೋ ಸರಿ. ಆದರೆ ಎಂಥ ಸದ್ದು! ತಗಡಿನ ಮೇಲೆ ಕಡಲೆ ಚೆಲ್ಲಿದ ಹಾಗೆ. ನಡುಕವಿಲ್ಲ, ಅಂಚಿಲ್ಲ, ತಾಯಿಯಿಲ್ಲ. ಅವಳು ತಂತಿಯ ಮೇಲೆ ಅಂಗೈ ಇಟ್ಟು ಅದನ್ನು ನಿಲ್ಲಿಸಿದಳು.

"ಬೇಡ ಲೋಕೇಶಪ್ಪಾ. ಇದು ಯಾರೋ ಬೇರೆಯವರು. ಇವರನ್ನ ಕೇಳಿಸೋಕೆ ನಾನ್ಯಾಕೆ ಕೂರಲಿ?"

"ಹಂಗಾದ್ರೆ ಒಳಗಿರೋ ಸ್ಪೀಕರಿನ ವೈರು ಕಿತ್ತು ಅದನ್ನೇ ಮಿಕ್ಸರಿಗೆ ಕೊಡಬಹುದಲ್ವಾ?" ಅಂದ ರವಿಚಂದ್ರ. ಬಸ್ಸಿನ ವೈರು ಆಗಾಗ ಕೀಳುವವನು ಅವನು.

ಲೋಕೇಶ ಎರಡೂ ಕೈ ಚಾಚಿ ಮಿಕ್ಸರಿಗೆ ಅಡ್ಡ ನಿಂತ. "ಅಣ್ಣಾ, ಕಾಲಿಗೆ ಬೀಳ್ತೀನಿ. ಸ್ಪೀಕರಿಗೆ ಹೋಗೋ ಪವರ್ರು ಇದರೊಳಗೆ ನುಗ್ಗಿದ್ರೆ ನನ್ನ ಮಿಕ್ಸರು ಇಲ್ಲೇ ಧೂಪ ಹಾಕ್ತದೆ. ಆಮೇಲೆ ಅಜ್ಜಿ ಮಂಗಳಾರತಿ ಮಾಡ್ಬೇಕಾಯ್ತದೆ."

ವಾಗೀಶ ಆ ಕಡೆಯಿಂದ ಹಾದುಹೋಗುತ್ತಾ, "ಏನ್ರಮ್ಮಾ, ತಯಾರಿ ನಡೀತಿದ್ಯಾ?" ಅಂತ ಕೇಳಿಯೂ ಹೋದ.

ಇವರ ಮಾತು ಯಾವುದೂ ಕೇಳದ ಪುಟ್ಟಲಿಂಗಮ್ಮ ಇಷ್ಟು ಹೊತ್ತೂ ತನ್ನ ಪಾಡಿಗೆ ಟಿಫನ್ ಬಾಕ್ಸಿನ ಪಕ್ಕ ಕೂತಿದ್ದಳು. ಬೇಜಾರಾಗಿ ಕೂಗಿದಳು: "ನುಡಿಸವ್ವಾ ವಸಂತಾ, ಯಾಕೆ ಸುಮ್ಕಾದೆ?" ಕೂಗಿ, ದಿನಾ ಮನೆಯಲ್ಲಿ ಮಾಡುವ ಹಾಗೆ ಬಗ್ಗಿ ಕಿವಿಯನ್ನು ಪೆಟ್ಟಿಗೆಯ ಮುಂಭಾಗಕ್ಕೆ ಒತ್ತಿಟ್ಟಳು.

ಲೋಕೇಶ ಆ ಕಿವಿಯನ್ನು ನೋಡಿದ. ವಸಂತಮ್ಮನೂ ನೋಡಿದಳು. ಇಬ್ಬರೂ ಒಟ್ಟಿಗೇ ಬಾಯಿ ತೆರೆದರು.

"ಮೈಕು!"

"ನೋಡಕ್ಕಾ, ಹಾಡೋರ ಬಾಯಿಗೆ ಮೈಕು ಹಿಡಿಯೋ ನಾನು ಇದರ ಬಾಯಿ ಮರೆತಿದ್ನಲ್ಲ!" ಲೋಕೇಶ ಓಡಿಹೋಗಿ ಒಂದು ಮೈಕು ತಂದು, ಗಿಡ್ಡ ಸ್ಟ್ಯಾಂಡಿಗೆ ಸಿಕ್ಕಿಸಿ, ಅತ್ತೆಯ ಕಿವಿ ಇದ್ದ ಜಾಗಕ್ಕೇ ಇಟ್ಟ. ವಸಂತಮ್ಮ ಮೀಟಿದಳು. ಬಂತು! ಅದೇ ನಡುಕ, ಅದೇ ಹರಿದ ಅಂಚು, ಆದರೆ ಆಳೆತ್ತರದ ಪೆಟ್ಟಿಗೆಗಳಿಂದ. ಒಂದು ಗಳಿಗೆ ಮಾತ್ರ. ಮರುಗಳಿಗೆ ದೊಡ್ಡ ಪೆಟ್ಟಿಗೆಯ ದನಿ ತಿರುಗಿ ಮೈಕಿಗೇ ನುಗ್ಗಿ, ಕೂಂಯ್ಯ್ ಅಂತ ಕಿವಿ ಸೀಳುವ ಹಾಗೆ ಕಿರುಚಿತು. ವೇದಿಕೆ ಕೆಳಗೆ ಮಲಗಿದ್ದ ನಾಯಿ ಎದ್ದು ಓಡಿತು.

"ಎರಡನ್ನೂ ದೂರ ಇಡಬೇಕು, ಅಷ್ಟೇ," ಅಂದ ಲೋಕೇಶ. ವೇದಿಕೆಯ ಹಿಂದೆ ಸಂಘದ ಕೋಣೆ ಇತ್ತು. ಟಿಫನ್ ಬಾಕ್ಸನ್ನೂ ಮೈಕನ್ನೂ ಅಲ್ಲಿ ಮೇಜಿನ ಮೇಲಿಟ್ಟು, ಗಿಟಾರಿನ ವೈರನ್ನು ಕಿಟಕಿಯಿಂದ ಎಳೆದು, ಬಾಗಿಲು ಹಾಕಿದರು. ಈಗ ಕಿರುಚಾಟವಿಲ್ಲ. ಕೋಣೆಯಲ್ಲಿ ಚಿಕ್ಕದು ಹಾಡುತ್ತದೆ, ಮೈದಾನದಲ್ಲಿ ದೊಡ್ಡದು ಕೇಳಿಸುತ್ತದೆ. ಆದರೆ ಕೋಣೆಯೊಳಗೆ ನೃತ್ಯದ ಮಕ್ಕಳು ಬಟ್ಟೆ ಬದಲಾಯಿಸಲು ಬರುವವರು. ಯಾವ ಮಗು ಯಾವ ಗುಂಡಿ ತಿರುಗಿಸುತ್ತೋ!

"ನಾನು ಕೂತ್ಕತೀನಿ ಬುಡು," ಅಂದಳು ಪುಟ್ಟಲಿಂಗಮ್ಮ. "ಒರಗೆ ಕೂತ್ರೆ ನಂಗೇನು ಕೇಳ್ತದಾ? ಇಲ್ಲಿದ್ರೆ ಪೆಟ್ಟಿಗೆ ಮೇಲೆ ಕೈ ಇಟ್ಕಂಡು ಕೇಳ್ತೀನಿ. ಒಂದು ನೊಣ ಕುಂಡ್ರಕ್ಕೆ ಬುಡಾಕಿಲ್ಲ."

ಹಾಗೆ ಮುದುಕಿ ಕಾವಲಿಗೆ ಕೂತಳು. ಅವಳಿಗೆ ಎಲ್ಲವನ್ನೂ ಹೇಳಿದ್ದರು, ಮೈಕು ಅಂದರೆ ಅವಳ ಮಾತನ್ನೂ ಎತ್ತಿಕೊಂಡು ಹೋಗುತ್ತೆ ಅನ್ನುವುದೊಂದನ್ನು ಬಿಟ್ಟು.

ಸಂಜೆ ಮೈದಾನ ತುಂಬಿತು. ಕೊನೆಯ ಸಾಲಿನ ಕುರ್ಚಿಗಳು ಗೇಟಿನ ಹತ್ತಿರ, ಅದರ ಹಿಂದೆ ಚುರುಮುರಿ ಗಾಡಿ, ಗಾಡಿಯ ಸುತ್ತ ಬೀದಿಯ ಹೆಂಗಸರು. ಭಾನುಮತಿಯೂ ಅಲ್ಲೇ ನಿಂತಿದ್ದಳು. ವಸಂತಮ್ಮ ವೇದಿಕೆ ಹತ್ತಿದಾಗ ಅವಳ ಕಣ್ಣು ಸೀದಾ ಆ ಗಾಡಿಯ ದೀಪದ ಮೇಲೆ ನೆಟ್ಟಿತು. ಅಲ್ಲಿಗೆ ಮುಟ್ಟಬೇಕು. ಮುಟ್ಟದಿದ್ದರೆ ಇಲ್ಲ.

ವಾಗೀಶ ಹೇಳಿದ: "ಈಗ ನಮ್ಮ ವಸಂತಮ್ಮನವರು. ಈ ಸಲ ತಯಾರಿ ಮೊದಲೇ ಮುಗಿಸಿದ್ದಾರೆ ಅಂತ ನಾನು ಖುದ್ದಾಗಿ ವಿಚಾರಿಸಿಕೊಂಡಿದ್ದೀನಿ." ಜನ ನಕ್ಕರು. ಲೋಕೇಶ ಕೋಣೆಯ ಮೈಕು ತೆರೆದು ಕಣ್ಣು ಹೊಡೆದ.

ವಸಂತಮ್ಮ ಮೊದಲ ಸ್ವರ ಮೀಟಿದಳು. ಅದು ಕುರ್ಚಿಗಳ ತಲೆ ಮೇಲೆ ಹಾದು, ಗೇಟು ದಾಟಿ, ಎದುರಿನ ನೀರಿನ ಟ್ಯಾಂಕಿಗೆ ಬಡಿದು ವಾಪಸು ಬಂತು. ಜನ ನೆಟ್ಟಗೆ ಕೂತರು. ಎರಡನೆಯದು ಮೀಟಿದಳು, ಮೂರನೆಯದಕ್ಕೆ ಬೆರಳು ಹೋಗುತ್ತಿತ್ತು. ಅಷ್ಟರಲ್ಲಿ ಆಳೆತ್ತರದ ಪೆಟ್ಟಿಗೆಗಳಿಂದ ಗಿಟಾರಿನ ಜೊತೆಗೇ ಒಂದು ಗಟ್ಟಿ ದನಿ ಮೈದಾನದ ಮೇಲೆಲ್ಲ ಬಂತು:

"ಊಂ, ಅಂಗೆ! ಬಾಯಿ ಬುಟ್ಟು ಕೂಗು ಮಗನೇ. ಓದ್ ವರ್ಷ ಉಸುರು ಬುಡ್ದಂಗೆ ಕೂತಿದ್ದು ನಮ್ಮ ವಸಂತನ್ ಮಾನ ಕಳ್ದೆ. ವರ್ಷ ವರ್ಷ ನಿಂಗೆ ಗಂಧ ಇಟ್ಟಿಲ್ವಾ ನಾನು?"

ಮೈದಾನ ಒಂದು ಕ್ಷಣ ಕಕ್ಕಾಬಿಕ್ಕಿ, ಆಮೇಲೆ ಗೊಳ್ಳೆಂದಿತು. ಮುಚ್ಚಿದ ಕೋಣೆಯೊಳಗೆ ಆ ಮಂದ ಕಿವಿಗೆ ಇದು ಯಾವುದೂ ಮುಟ್ಟಲಿಲ್ಲ. ದನಿ ಮುಂದುವರಿಯಿತು.

"ನಿಂಗೇನು ಗೊತ್ತು. ಆ ಮಗೀನ ದನಿ ಎಂಗಿತ್ತು ಗೊತ್ತಾ? ನನ್ನ ಮಗನ ಮದುವೇಲಿ ಮದುವಣಗಿತ್ತಿನೇ ಸೋಬಾನೆ ಏಳ್ಬುಟ್ಳು ಕಣೋ, ನಮ್ ಕಡೆ ಯಾರೂ ಏಳೋರು ಇಲ್ಲ ಅಂತ! ಬೀಗ್ರೆಲ್ಲ ನಕ್ರು. ನಾನು ನಗ್ನಿಲ್ಲ. ಇಂಥ ದನಿ ನಮ್ಮನೆಗೆ ಬತ್ತಾ ಅದಲ್ಲಾ ಅಂತ ಮೂಲೇಲಿ ನಿಂತ್ಕಂಡು ಅತ್ತೆ. ಏಳ್ಲಿಲ್ಲ ಅವ್ಳಿಗೆ. ಏಳ್ಬೇಕಾಗಿತ್ತು."

ನಗು ಅಲ್ಲಿಗೆ ನಿಂತಿತು. ಲೋಕೇಶನ ಕೈ ಮಿಕ್ಸರಿನ ಗುಂಡಿಯ ಮೇಲಿತ್ತು. ಇಳಿಸಿದರೆ ಮುದುಕಿಯ ಮಾತು ನಿಲ್ಲುತ್ತದೆ, ಆದರೆ ಅದೇ ಮೈಕು, ಗಿಟಾರೂ ನಿಲ್ಲುತ್ತದೆ. ಅವನು ವೇದಿಕೆ ಕಡೆ ನೋಡಿ ಹುಬ್ಬೆತ್ತಿದ. ವಸಂತಮ್ಮನ ಬೆರಳು ತಂತಿಯ ಮೇಲೆ ನಿಂತಿತ್ತು. ಇಷ್ಟು ವರ್ಷ ಒಂದೇ ಒಲೆಯ ಮುಂದೆ ನಿಂತರೂ ಕೇಳದೆ ಇದ್ದ ಮಾತನ್ನು ಇಡೀ ಮೇಟಗಳ್ಳಿಯ ಜೊತೆ ಕೂತು ಕೇಳಿದ್ದಳು ಅವಳು. ಲೋಕೇಶನಿಗೆ ಬೇಡ ಅಂತ ತಲೆಯಾಡಿಸಿದಳು. ಕಣ್ಣೊರೆಸಿಕೊಂಡು ಮಟ್ಟನ್ನು ಮೊದಲಿಂದ ಹಿಡಿದಳು.

ಮಟ್ಟು ಅಂಗೈಗೆ ಹತ್ತಿದ್ದೇ ತಡ, ಒಳಗೆ ಪುಟ್ಟಲಿಂಗಮ್ಮ ಹಾಡತೊಡಗಿದಳು. ಮುದಿ ದನಿ, ಅಲ್ಲಲ್ಲಿ ಸವೆದ ದನಿ, ಆದರೆ ಮಾತೊಂದೂ ತಪ್ಪಲಿಲ್ಲ. ಹೊಸಿಲಲ್ಲಿ ನಿಂತ ಮದುವಣಗಿತ್ತಿಯನ್ನು ಒಳಕ್ಕೆ ಕರೆಯುವ ಹಾಡು. ಗಿಟಾರು ಸ್ವಲ್ಪ ಮುಂದೆ ಹೋಗಿತ್ತು. ವಸಂತಮ್ಮ ನಿಧಾನ ಮಾಡಿದಳು, ನಡೆಯಲಾರದವರ ಜೊತೆ ನಡೆಯುವಾಗ ಹೆಜ್ಜೆ ಸಣ್ಣದು ಮಾಡುವ ಹಾಗೆ. ಟಿಫನ್ ಬಾಕ್ಸಿನ ನಡುಕವೂ ಮುದುಕಿಯ ನಡುಕವೂ ಒಂದರೊಳಗೊಂದು ಕೂಡಿಕೊಂಡವು. ಯಾವುದು ತಂತಿ, ಯಾವುದು ಕೊರಳು ಅಂತ ಹೇಳುವುದು ಕಷ್ಟವಾಯಿತು.

ಸಾಲು ಮುಗಿಯಿತು. ಹಾಡು ಹೇಳುವವರ ಅಭ್ಯಾಸದಂತೆ ಮುದುಕಿ ಅಲ್ಲಿ ನಿಲ್ಲಿಸಿದಳು. ವಸಂತಮ್ಮನೂ ನಿಲ್ಲಿಸಿದಳು. ಅಲ್ಲಿ ಉಳಿದವರು ಸೋ ಅಂತ ಎಳೆಯಬೇಕು. ಕಳೆದ ವರ್ಷ ಅವಳು ಇದೇ ಜಾಗದಲ್ಲಿ ನಿಲ್ಲಿಸಿ ಕಾದಿದ್ದಳು, ಒಂದು ಹಪ್ಪಳ ಮುರಿದ ಸದ್ದು ಮಾತ್ರ ಕೇಳಿತ್ತು.

ಎಲ್ಲಕ್ಕಿಂತ ಮೊದಲು ಬಂದದ್ದು ಚುರುಮುರಿ ಗಾಡಿಯ ಹತ್ತಿರದಿಂದ. ಭಾನುಮತಿ, ಬಾಯಿ ತುಂಬ ಚುರುಮುರಿ ಇದ್ದರೂ, "ಸೋಓಓ" ಅಂತ ಎಳೆದೇ ಬಿಟ್ಟಳು. ಅವಳ ಪಕ್ಕದವಳು ಎಳೆದಳು. ಕೊನೆಯ ಸಾಲು ಎದ್ದಿತು, ಅದರ ಮುಂದಿನದು ಎದ್ದಿತು, ಹಳ್ಳಿ ಬಿಟ್ಟು ಬಂದು ಎಷ್ಟೋ ಕಾಲವಾದ ಹೆಂಗಸರೆಲ್ಲ, ಸೊಂಟದಲ್ಲಿ ಮಗು ಇದ್ದವರು, ಮೊಬೈಲು ಹಿಡಿದಿದ್ದವರು, ಸೀರೆ ಉಟ್ಟವರು, ಚೂಡಿದಾರದವರು ಎಲ್ಲರೂ. ಹಿಂದಿನಿಂದ ಮುಂದಕ್ಕೆ ಆ ಸೋ ಅಲೆಯ ಹಾಗೆ ಬಂದು ವೇದಿಕೆಗೆ ಬಡಿಯಿತು. ವಸಂತಮ್ಮ ಮುಂದಿನ ಸಾಲು ಎತ್ತಿದಳು.

ಹಾಡು ಮುಗಿದ ಮೇಲೆ ಅವಳು ಎದ್ದು ಕೈಮುಗಿದಳು. ವಾಗೀಶ ಮೈಕು ಹಿಡಿದುಕೊಂಡು ಬಂದು, ಈ ಸಲ ಹುಷಾರಾಗಿ, ಅವಳನ್ನೇ ಕೇಳಿದ: "ಅಮ್ಮಾ, ಈಗ ಮುಗೀತಾ, ಇಲ್ಲ..."

"ಇಲ್ಲಾ! ಇನ್ನೊಂದು!" ಅಂತ ಗೇಟಿನ ಕಡೆಯಿಂದ ಕೂಗು ಬಂತು.

ಇನ್ನೊಂದೂ ಆಯಿತು. ಅದೂ ಮುಗಿದ ಮೇಲೆ ಪುಟ್ಟಲಿಂಗಮ್ಮ ಬಾಗಿಲು ತೆರೆದು ಹೊರಗೆ ಬಂದು, ಸೆರಗು ಸರಿಮಾಡಿಕೊಳ್ಳುತ್ತಾ ಕೇಳಿದಳು: "ಕೇಳ್ತೇನವ್ವಾ ಕೊನೇ ಸಾಲ್ಗೆ? ನಾನು ಪೆಟ್ಟಿಗೆ ಬುಟ್ಟು ಅಲ್ಲಾಡ್ನಿಲ್ಲ."

"ಅಜ್ಜೀ, ಏನ್ ಹಾಡಿದ್ರಿ!" ಭಾನುಮತಿ ಓಡಿಬಂದು ಕೆನ್ನೆ ಸವರಿ ಲಟಿಕೆ ಮುರಿದಳು.

"ನಾನೆಲ್ಲಿ ಆಡ್ದೆ? ನಾನು ಒಳಗಿದ್ನಲ್ಲ."

ವಸಂತಮ್ಮ ಅತ್ತೆಯ ಕಿವಿಗೆ ಬಾಯಿಟ್ಟು ಎಲ್ಲ ಹೇಳಿದಳು. ಮುದುಕಿಯ ಮುಖ ಮೊದಲು ಕಪ್ಪಾಯಿತು, ಆಮೇಲೆ ಕೆಂಪಾಯಿತು. "ಎಲ್ಲಾ ಕೇಳ್ಬುಡ್ತಾ?"

"ಎಲ್ಲಾ ಕೇಳ್ತು ಅತ್ಯಮ್ಮ. ಮೂಲೇಲಿ ನಿಂತು ಅತ್ತಿದ್ದೂ ಕೇಳ್ತು."

"ಅಯ್ಯೋ, ಅದಾ," ಅಂತ ಮುದುಕಿ ಬೇರೆ ಕಡೆ ಮುಖ ತಿರುಗಿಸಿತು. ಲೋಕೇಶ ಸುತ್ತಿಡುತ್ತಿದ್ದ ಮೈಕಿನ ಮೇಲೆ ಕಣ್ಣು ಬಿತ್ತು. "ಇಷ್ಟುದ್ದ ಇದ್ಕಂಡು ಅಷ್ಟು ಕೆಲ್ಸ ಮಾಡ್ತಾ ಇದು? ಏ ಲೋಕೇಸಾ, ಇದಕ್ಕೆ ಆಯುಧಪೂಜೇಲಿ ಬೊಟ್ಟಿಟ್ಟಿದ್ದೀಯೇನೋ? ತತ್ತಾ ಇಲ್ಲಿ, ಕುಂಕುಮ ಸೆರಗಲ್ಲೇ ಅದೆ."

ಲೋಕೇಶ ಮೈಕನ್ನು ಎದೆಗೆ ಅವುಚಿಕೊಂಡ. "ಇಟ್ಟಿದ್ದೀನಿ ಅಜ್ಜಿ! ನಮ್ಮವ್ವನಾಣೆ ಇಟ್ಟಿದ್ದೀನಿ!" ಅಂತ ಟೆಂಪೋ ಕಡೆ ಓಡಿದ.

ಮನೆಗೆ ಬಂದು ಟಿಫನ್ ಬಾಕ್ಸನ್ನು ಅದರ ಜಾಗಕ್ಕಿಟ್ಟರು. ರವಿಚಂದ್ರ ಅದರ ಬೆನ್ನು ತಿರುಗಿಸಿ, "ನಾಳೆ ಬಿಚ್ಚಿ ಗಂಧ ತೊಳೆಸಿಬಿಡ್ಲಾ?" ಅಂತ ಕೇಳಿದ.

"ಯಾಕೆ? ಮೈಕು ಇದ್ಯಲ್ಲ. ಅದು ಹಾಗೇ ಇರ್ಲಿ."

"ಮತ್ತೆ ಮೊಳೆ? ಕ್ಯಾಲೆಂಡರ್ ತೆಗೀಬೇಕಾ?"

ವಸಂತಮ್ಮ ಗಿಟಾರನ್ನು ಅತ್ತೆಯ ಹಾಸಿಗೆ ಪಕ್ಕದ ಗೋಡೆಗೆ ಒರಗಿಸಿದಳು. ನಾಳೆ ಸಂಜೆ ಎಟುಕಲಿ ಅಂತ. "ಅದೂ ಹಾಗೇ ಇರ್ಲಿ ಬಿಡಿ," ಅಂದಳು. "ನವೆಂಬರ್ ಬಂತು, ಒಂದು ಹಾಳೆ ಮಾತ್ರ ತಿರುವಿಹಾಕಿ."